ಹಲ್ಲುಗುರುತಿನ ಕುರ್ಚಿ

“ಕಚ್ಚಬೇಡಿ ಅಂದ್ನಲ್ಲ! ಬಿಡ್ರೀ ಆ ಕುರ್ಚಿನ!”

“ಯಾರ್ರೀ ಕಚ್ಚಿದ್ದು? ಹೇಗೆ ಕಚ್ಚಿದ್ದೆ ಅಂತ ತೋರಿಸ್ತಾ ಇದೀನಿ, ಅಷ್ಟೇ!”

“ನಿಮ್ಮ ಹಲ್ಲು ಕುರ್ಚಿಯಿಂದ ಎರಡು ಬೆರಳು ದೂರ ಇದೆ. ನನ್ನ ಲೆಕ್ಕದಲ್ಲಿ ಅದೂ ಕಚ್ಚೋದೇ.”

“ಇದು ನಮ್ಮಪ್ಪನ ಕುರ್ಚಿ ಕಣ್ರೀ! ನಮ್ಮಪ್ಪನ ಕುರ್ಚಿ ಕಚ್ಚೋಕೆ ನನಗೆ ನಿಮ್ಮ ಅಪ್ಪಣೆ ಬೇಕಾ?”

“ಬೇಕು. ಈ ಮಹಡಿಯಲ್ಲಿ ಯಾವುದನ್ನ ಕಚ್ಚೋದಕ್ಕೂ ನನ್ನ ಅಪ್ಪಣೆ ಬೇಕು.”

ಹೀಗೆ ಹೇಳಿದವಳು ಗುಡ್ರುನ್. ಕೋಪನ್‌ಹೇಗನ್‌ನ ಕಾಲುವೆ ಪಕ್ಕದಲ್ಲಿ, ಹಿಂದೆ ಧಾನ್ಯದ ಉಗ್ರಾಣವಾಗಿದ್ದ ಕಟ್ಟಡದಲ್ಲಿರುವ ಪೀಠೋಪಕರಣಗಳ ಮ್ಯೂಸಿಯಮ್ಮಿನ ಮೂರನೇ ಮಹಡಿಗೆ ಅವಳೇ ಕಾವಲುಗಾರ್ತಿ. ಆಳು ದೊಡ್ಡದು, ಧ್ವನಿ ಇನ್ನೂ ದೊಡ್ಡದು. ಆ ಹೊತ್ತಿನಲ್ಲಿ ಅವಳ ಬಲಗೈಯಲ್ಲಿ ಹೋಲ್ಗರ್ ಬುಂಡ್‌ಗೋರ್ ಎಂಬ ಅರವತ್ತೇಳು ವರ್ಷದ ಗೃಹಸ್ಥನ ಕೊರಳಪಟ್ಟಿ ಇತ್ತು. ಹೋಲ್ಗರ್ ಕಾವಲು ಹಗ್ಗದೊಳಗೆ ನುಸುಳಿ, ಮಂಡಿಯೂರಿ, ಓಕ್ ಮರದ ಒಂದು ಕುರ್ಚಿಯ ಎಡಗೈಗೆ ಬಾಯಿ ಒಡ್ಡಿಕೊಂಡಿದ್ದ. ಅವನ ಹೆಂಡತಿ ಬೋಡಿಲ್ ಅವನ ಟೋಪಿ ಹಿಡಿದುಕೊಂಡು ನಿಂತಿದ್ದಳು. ಅವನ ಅಕ್ಕ ಇಂಗರ್‌ಲಿಸ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಭಾವ ಟೋರ್ಬೆನ್ ಈ ಯಾರೂ ತನಗೆ ಗೊತ್ತೇ ಇಲ್ಲ ಎನ್ನುವವನಂತೆ ಚಾವಣಿಯ ಒಂದು ದೀಪವನ್ನು ಗಮನವಿಟ್ಟು ನೋಡುತ್ತಿದ್ದ.

ಮರ್ಯಾದಸ್ಥ ಮನುಷ್ಯನೊಬ್ಬ ಮ್ಯೂಸಿಯಮ್ಮಿನಲ್ಲಿ ಕುರ್ಚಿ ಕಚ್ಚುವ ಹಂತಕ್ಕೆ ಒಂದು ದಿನದಲ್ಲಿ ಬರುವುದಿಲ್ಲ. ಹೋಲ್ಗರನಿಗೆ ಹನ್ನೊಂದು ವರ್ಷ ಹಿಡಿದಿತ್ತು.

ಅವನು ಹೋರ್ಸೆನ್ಸ್ ಪಟ್ಟಣದ ಬಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಟಿಕೆಟ್ ತಪಾಸಣೆ ಮಾಡಿದವನು. ಟಿಕೆಟ್ ತೋರಿಸದವನನ್ನು ಯಾರಾದರೂ ಅನುಮಾನಿಸುತ್ತಾರೆ. ಹೋಲ್ಗರ್ ಟಿಕೆಟ್ ತೋರಿಸಿದವನನ್ನೂ ಅನುಮಾನಿಸುತ್ತಿದ್ದ. ಇಷ್ಟು ಬೇಗ ತೋರಿಸಬೇಕಾದರೆ ಏನೋ ಇರಬೇಕು ಎನ್ನುವುದು ಅವನ ವಾದ. ನಿವೃತ್ತಿಯಾದ ಮೇಲೆ ಪ್ರಯಾಣಿಕರು ಇಲ್ಲವಾದರು. ಬಡ್ಡಿಮಗನ ಅನುಮಾನ ಮಾತ್ರ ನಿವೃತ್ತಿಯಾಗಲಿಲ್ಲ. ಪಕ್ಕದ ಮನೆಯವನು ಬೇಲಿ ಕತ್ತರಿಸಿದರೆ, ಬೇಲಿ ಹೋದ ವರ್ಷಕ್ಕಿಂತ ಒಂದು ಗೇಣು ಈಚೆ ಬಂದಿದೆ ಎಂದು ಅಳೆಯುತ್ತಿದ್ದ. ಅಂಚೆಯವಳು ನಕ್ಕರೆ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಹವಾಮಾನ ವರದಿ ಓದುವವನನ್ನಂತೂ ಒಂದು ದಿನವೂ ನಂಬಿದವನಲ್ಲ.

ಹನ್ನೊಂದು ವರ್ಷದ ಹಿಂದೆ ಅವನ ತಾಯಿ ತೀರಿಕೊಂಡಾಗ, ಎಲ್ಲರ ಮನೆಯಲ್ಲೂ ಮಾಡುವಂತೆ ಅಕ್ಕ ತಮ್ಮ ಮನೆಯ ಸಾಮಾನು ಹಂಚಿಕೊಳ್ಳಲು ಕೂತರು. ಅಕ್ಕನಿಗೆ ಕೆಂಪು ದುಂಡು ಚೀಟಿ, ತಮ್ಮನಿಗೆ ನೀಲಿ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ದಾಳ ಹಾಕಬೇಕು. ಹೆಚ್ಚು ಬಿದ್ದವರು ತಮಗೆ ಬೇಕಾದ ಒಂದು ಸಾಮಾನಿಗೆ ಮೊದಲು ಚೀಟಿ ಅಂಟಿಸಬೇಕು, ಆಮೇಲೆ ಇನ್ನೊಬ್ಬರು, ಮತ್ತೆ ದಾಳ. ಯಾವ ಚೀಟಿಯೂ ಇಲ್ಲದೆ ಉಳಿದದ್ದು ಚರ್ಚಿನವರು ನಡೆಸುವ ಹಳೇ ಸಾಮಾನಿನ ಅಂಗಡಿಗೆ. ಇದರಲ್ಲಿ ಜಗಳಕ್ಕೆ ಎಡೆಯೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳಿಕೊಂಡೇ ದೇಶದ ಅರ್ಧ ಜನ ತಮ್ಮ ಒಡಹುಟ್ಟಿದವರ ಜೊತೆ ಮಾತು ಬಿಟ್ಟಿದ್ದಾರೆ.

ಆ ಮನೆಯಲ್ಲಿ ಹೋಲ್ಗರನಿಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ. ಅಪ್ಪ ಬಡಗಿ. ನಾಲ್ಕು ವರ್ಷ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತು, ಕೊನೆಗೆ ಪರೀಕ್ಷೆಗೆಂದು ಒಬ್ಬನೇ ಒಂದು ಕುರ್ಚಿ ಮಾಡಿ ಪಾಸಾಗಿದ್ದ. ಬಡಗಿಯ ಬದುಕಿನಲ್ಲಿ ಅಂಥ ಕುರ್ಚಿ ಒಂದೇ. ಆಮೇಲೆ ಅಪ್ಪ ಜೀವನವಿಡೀ ಬೇರೆಯವರ ಹೆಸರಿನಲ್ಲಿ ಮಾರಾಟವಾಗುವ ಕುರ್ಚಿಗಳನ್ನೇ ಮಾಡಿದ. ಈ ಒಂದು ಮಾತ್ರ ಅವನದು. ಅದರ ಎಡಗೈ ಮೇಲೆ ಎರಡು ಸಣ್ಣ ಗುಳಿ ಇದ್ದವು. ನಾಲ್ಕು ವರ್ಷದ ಹೋಲ್ಗರ್, ಮೀನೆಣ್ಣೆ ಕುಡಿಯುವುದಿಲ್ಲ ಎಂದು ಹಟ ಹಿಡಿದು ಕಚ್ಚಿದ್ದು.

ಹಂಚಿಕೆಯ ದಿನ, ದಾಳ ಮುಗಿದ ಮೇಲೆ, ಹೋಲ್ಗರ್ ಸಂಜೆವರೆಗೂ ಅಡುಗೆಮನೆ ಬಿಟ್ಟು ಕದಲಲಿಲ್ಲ. ಅಲ್ಲಿ ಬೆಳ್ಳಿಯ ಚಮಚಗಳಿದ್ದವು. ಅಕ್ಕ ಹಾಯುವಾಗೆಲ್ಲ ಅವನು ಅವನ್ನು ಮತ್ತೆ ಎಣಿಸುತ್ತಿದ್ದ. ಸಾಮಾನು ಹೊರುವವರು ಪಡಸಾಲೆಯಿಂದ ಏನಾದರೂ ಕೇಳಿದರೆ ಅಲ್ಲಿಂದಲೇ ಕೂಗಿ ಉತ್ತರ ಹೇಳುತ್ತಿದ್ದ. ಸಂಜೆ ಹೊರಗೆ ಬಂದು ನೋಡಿದರೆ ಕುರ್ಚಿ ಇಲ್ಲ.

“ನಾನು ಚೀಟಿ ಹಚ್ಚಿದ್ದೆ!” ಎಂದು ಹೋಲ್ಗರ್ ಕಿರುಚಿದ.

“ಎಲ್ಲಿ ಹಚ್ಚಿದ್ದೆ? ನಾನು ನೋಡಲಿಲ್ಲವಲ್ಲ” ಎಂದಳು ಇಂಗರ್‌ಲಿಸ.

“ಹಚ್ಚಿದ್ದೆ ಅಂದ್ರೆ ಹಚ್ಚಿದ್ದೆ!”

ಎಲ್ಲಿ ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಬೋಡಿಲಳಿಗೂ ಹೇಳಲಿಲ್ಲ. ಚರ್ಚಿನವರ ವ್ಯಾನಿನಲ್ಲಿ ಹೋಗಿರಬೇಕು, ಸೋಮವಾರ ನಾನೇ ಹೋಗಿ ಕೇಳಿದೆ, ಆಗಲೇ ಯಾರೋ ಕೊಂಡುಹೋಗಿದ್ದರು ಎಂದು ಅಕ್ಕ ಹೇಳಿದ್ದನ್ನು ಅವನು ಒಂದು ಕ್ಷಣವೂ ನಂಬಲಿಲ್ಲ. ನೀಲಿ ಚೀಟಿ ಕಿತ್ತೆಸೆದು ಕುರ್ಚಿಯನ್ನು ಎಲ್ಲೋ ಬಚ್ಚಿಟ್ಟಿದ್ದಾಳೆ ಎಂದೇ ತೀರ್ಮಾನ. ಮುಂದಿನ ಬೇಸಗೆಯಲ್ಲಿ ಕಿಟಕಿ ಅಲುಗಾಡುತ್ತದೆ, ಸರಿಮಾಡುತ್ತೇನೆ ಎಂದು ಅವಳ ಅಟ್ಟ ಹತ್ತಿ ಬಂದ. ಇನ್ನೊಂದು ವರ್ಷ ಅವಳ ಬೇಸಗೆ ಮನೆಯ ಸೌದೆ ಗೂಡಿಗೆ ಹೊಕ್ಕು, ಬಾಗಿಲು ಹಾಕಿಕೊಂಡು, ಒಂದೂವರೆ ಗಂಟೆ ಒಳಗೇ ಇದ್ದ. ಅದರ ಚಿಲಕ ಹೊರಗಿನಿಂದ ಮಾತ್ರ ತೆಗೆಯುವಂಥದು.

ಇಂಥ ಅಕ್ಕ ಜನವರಿಯಲ್ಲಿ ಫೋನ್ ಮಾಡಿ, “ಫೆಬ್ರವರಿ ಹದಿನೈದಕ್ಕೆ ಇಬ್ಬರೂ ಕೋಪನ್‌ಹೇಗನ್‌ಗೆ ಬನ್ನಿ, ಒಂದು ಮ್ಯೂಸಿಯಂ ನೋಡೋಣ, ಮಧ್ಯಾಹ್ನದ ಊಟ ನನ್ನದು” ಎಂದರೆ ಮನುಷ್ಯನಿಗೆ ಏನನ್ನಿಸಬೇಕು?

“ಊಟ ಅವಳದಂತೆ!” ಹೋಲ್ಗರ್ ಫೋನ್ ಇಟ್ಟು ಬೋಡಿಲಳ ಕಡೆ ತಿರುಗಿದ. “ಖಾಲಿ ಬಾಟಲಿ ಅಂಗಡಿಗೆ ಕೊಟ್ರೆ ಸಿಗೋ ಠೇವಣಿಗೋಸ್ಕರ ಎರಡು ಸ್ಟೇಷನ್ ವಾಪಸ್ ಹೋದವಳು ಅವಳು. ಸಮುದ್ರಕ್ಕೆ ಈಜೋಕೆ ಹೋದ್ರೂ ದಡದಲ್ಲಿ ಬಾಟಲಿ ಆರಿಸ್ಕೊಂಡು ಬರ್ತಾಳೆ. ಅವಳು ನಮಗೆ ಊಟ ಹಾಕಿಸ್ತಾಳಾ? ಏನೋ ಇದೆ ಇದರಲ್ಲಿ.”

“ಏನಿರತ್ತೆ? ಹೆರಿಂಗ್ ಮೀನಿರತ್ತೆ, ಬ್ರೆಡ್ ಇರತ್ತೆ.”

“ನಿನಗೆ ಜನ ಗೊತ್ತಿಲ್ಲ ಕಣೆ.”

“ಮೂವತ್ತೊಂಬತ್ತು ವರ್ಷದಿಂದ ಒಬ್ಬರು ಚೆನ್ನಾಗಿ ಗೊತ್ತು. ಸಾಕಾಗಿದೆ.”

ಯಾವುದಕ್ಕೂ ಇರಲಿ ಎಂದು ಹೋಲ್ಗರ್ ಕಪ್ಪು ರೈ ಬ್ರೆಡ್ಡಿಗೆ ಲಿವರಿನ ಮುದ್ದೆ ಬಳಿದು, ಕಾಗದದಲ್ಲಿ ಸುತ್ತಿ, ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೇ ರೈಲು ಹತ್ತಿದ.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಅನುಮಾನ ಬಲಿಯಿತು. ಒಂದು, ಇಂಗರ್‌ಲಿಸ ಅಪ್ಪಿಕೊಂಡಳು; ಅದೂ ಸ್ವಲ್ಪ ಹೆಚ್ಚು ಹೊತ್ತು. ಎರಡು, ಟಿಕೆಟ್ ಕೊಡುವ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು, ಆ ಹುಡುಗಿ ಹೋಲ್ಗರನನ್ನು ನೋಡಿ ನಕ್ಕಳು. ಮೂರು, ಟೋರ್ಬೆನ್ ಗಡಿಯಾರ ನೋಡಿದ. ಟೋರ್ಬೆನ್ ಮಾತಾಡುವ ಪ್ರಾಣಿಯಲ್ಲ; ಅಂಥವನು ಗಡಿಯಾರ ನೋಡಿದರೆ ಭಾಷಣ ಮಾಡಿದ ಹಾಗೆ. ಕೋಟು ಚೀಲ ಇಡುವ ಕಬ್ಬಿಣದ ಪೆಟ್ಟಿಗೆಗಳ ಹತ್ತಿರ ಇಂಗರ್‌ಲಿಸ ಇಪ್ಪತ್ತು ಕ್ರೋನರಿನ ಬಿಲ್ಲೆ ಹಾಕಿ, ನಲವತ್ತೊಂದನೇ ನಂಬರಿನ ಪೆಟ್ಟಿಗೆಯಲ್ಲಿ ತನ್ನ ಕೋಟು ಇಟ್ಟು, ಬೀಗ ತಿರುಗಿಸಿದಳು. ಬಿಲ್ಲೆ ವಾಪಸ್ ಬರುತ್ತದೆ ತಾನೆ ಎಂದು ಹುಡುಗಿಯನ್ನು ಎರಡು ಸಲ ಕೇಳಿದಳು. ಅಷ್ಟು ಹೊತ್ತಿನಲ್ಲಿ ಹೋಲ್ಗರನಿಗೆ ಸಹಜವಾಗಿ ಕಂಡದ್ದು ಅದೊಂದೇ.

“ಮೊದಲು ಮೂರನೇ ಮಹಡಿಗೆ ಹೋಗೋಣ” ಎಂದಳು ಇಂಗರ್‌ಲಿಸ.

“ಯಾಕೆ? ಎಲ್ಲರೂ ಒಂದರಿಂದ ಶುರು ಮಾಡ್ತಾರೆ.”

“ಸುಮ್ನೆ ಬಾ ಹೋಲ್ಗರ್.”

ಅವನು ಬೇಕೆಂತಲೇ ಒಂದನೇ ಮಹಡಿಯಲ್ಲಿ ಅರ್ಧ ಗಂಟೆ ಕಳೆದ. ಅಲ್ಲಿದ್ದ ಊಟದ ಕುರ್ಚಿಗಳು ಬಸ್ ಡಿಪೋದ ಕ್ಯಾಂಟೀನಿನಲ್ಲಿ ಇದ್ದವೇ. ದೀಪ ತನ್ನ ಹಲ್ಲಿನ ಡಾಕ್ಟರ ಹತ್ತಿರ ಇರುವಂಥದು. ಒಂದು ಬೆಣ್ಣೆ ಡಬ್ಬಿಯನ್ನು ಗಾಜಿನೊಳಗೆ ಇಟ್ಟಿದ್ದರು. ಬೋಡಿಲ್ ಅದರಲ್ಲಿ ಗುಂಡಿ ಹಾಕಿಡುತ್ತಾಳೆ. “ನಮ್ಮ ಮನೆ ಸಾಮಾನನ್ನ ನಮಗೇ ತೋರಿಸಿ ದುಡ್ಡು ತಗೊಳ್ತಾರೆ” ಎಂದು ಗೊಣಗುತ್ತ ಕೊನೆಗೆ ಮೂರನೇ ಮಹಡಿ ಹತ್ತಿದ. ಅಲ್ಲಿ ಒಂದು ಬಿಳಿ ಕಟ್ಟೆಯ ಮೇಲೆ, ಹಗ್ಗದ ಹಿಂದೆ, ಅಪ್ಪನ ಕುರ್ಚಿ ಕೂತಿತ್ತು.

ಪಕ್ಕದ ಫಲಕದಲ್ಲಿ ಹೀಗೆ ಬರೆದಿತ್ತು: “ಕುರ್ಚಿ, ಓಕ್, 1951. ಬಡಗಿಯ ಪರೀಕ್ಷೆಗಾಗಿ ಮಾಡಿದ್ದು. ಮಾಡಿದವರು ತಿಳಿಯದು. ಖಾಸಗಿ ಕೊಡುಗೆ. ಎಡಗೈಯ ಮೇಲಿನ ಎರಡು ಗುಳಿಗಳು ಬಹುಶಃ ಅಲಂಕಾರ.”

ಹೋಲ್ಗರ್ ಫಲಕವನ್ನು ಎರಡು ಸಲ ಓದಿದ. ಬಸ್ಸಿನಲ್ಲಿ ಹೋದ ತಿಂಗಳ ಪಾಸು ಕಂಡಾಗ ಆಗುತ್ತಿದ್ದ ಹಾಗೆ ಅವನ ಕಿವಿ ಕೆಂಪಾದವು.

“ಖಾಸಗಿ ಕೊಡುಗೆ!” ಎಂದ. “ಖಾಸಗಿ! ಕೊಡುಗೆ!”

“ಹೋಲ್ಗರ್, ನಾನು ಹೇಳ್ತೀನಿ ಕೇಳು...”

“ಅಟ್ಟದಲ್ಲಿ ಸಿಗಲಿಲ್ಲ, ಸೌದೆ ಗೂಡಲ್ಲಿ ಸಿಗಲಿಲ್ಲ. ಹೇಗೆ ಸಿಗತ್ತೆ? ಇಲ್ಲಿಗೆ ತಂದು ಕೊಟ್ಟಿದ್ದೀಯ! ಈಗ ನನ್ನನ್ನ ಕರ್ಕೊಂಡು ಬಂದು ಮೆರೀತಾ ಇದೀಯ!”

“ಸೌದೆ ಗೂಡಿಗೆ ಹೋಗಿದ್ದು ಅದಕ್ಕಾ?” ಇಂಗರ್‌ಲಿಸ ಬೆರಗಾದಳು. “ಆವತ್ತು ಹೆಡಗೆ ಹೆಣೀತಾ ಕೂತಿದ್ದೆ ಅಂದ್ಯಲ್ಲೋ!”

“ಅಲಂಕಾರವಂತೆ! ನನ್ನ ಹಲ್ಲು ಅಲಂಕಾರವಾ?” ಹೋಲ್ಗರ್ ಹಗ್ಗದ ಕೆಳಗೆ ನುಸುಳಿಯೇಬಿಟ್ಟ.

ಗುಡ್ರುನ್ ಓಡಿಬಂದದ್ದು, ಕೊರಳಪಟ್ಟಿ ಹಿಡಿದದ್ದು, ಕಚ್ಚುವ ವಿಷಯವಾಗಿ ಮಾತು ಬೆಳೆದದ್ದು ಆಗ. ಹಲ್ಲು ಗುಳಿಗೆ ಕೂಡಿದರೆ ಎಲ್ಲ ಸಾಬೀತು ಎಂಬುದು ಹೋಲ್ಗರನ ಯೋಜನೆ. ಆದರೆ ಕಚ್ಚಿದ್ದು ಹಾಲುಹಲ್ಲು. ಈಗ ಬಾಯಲ್ಲಿದ್ದವು ಕಟ್ಟಿಸಿದ ಹಲ್ಲು. ಅಂಥ ಸಣ್ಣ ತೊಡಕುಗಳಿಗೆಲ್ಲ ತಲೆ ಕೆಡಿಸಿಕೊಳ್ಳುವವನಲ್ಲ ಅವನು.

ಅಷ್ಟರಲ್ಲಿ ಓಡೆನ್ಸದಿಂದ ಬಂದಿದ್ದ ನಿವೃತ್ತ ಶಿಕ್ಷಕರ ತಂಡವೊಂದು ಪಕ್ಕದ ಕೋಣೆಯಿಂದ ಒಳಗೆ ಬಂತು. ಹದಿನಾಲ್ಕು ಜನ. ಕೆಳಗೆ ಕೊಟ್ಟಿದ್ದ ಮಡಚುವ ಸ್ಟೂಲುಗಳು ಎಲ್ಲರ ಕಂಕುಳಲ್ಲಿದ್ದವು. ಇಲ್ಲಿ ಏನೋ ನಡೆಯುತ್ತಿದೆ ಎಂದು ಕಂಡೊಡನೆ ಸ್ಟೂಲು ಬಿಡಿಸಿ ಅರ್ಧಚಂದ್ರಾಕಾರವಾಗಿ ಕೂತರು. ಇದೂ ಟಿಕೆಟ್ಟಿನಲ್ಲಿ ಸೇರಿದ್ದು ಎಂದೇ ಅವರು ತಿಳಿದಿದ್ದು.

“ಏನು ವಿಷಯ?” ಎಂದು ಹಸಿರು ಸ್ವೆಟರಿನ ಮುದುಕನೊಬ್ಬ ಕೇಳಿದ.

“ನೀವೇ ಹೇಳಿ!” ಹೋಲ್ಗರ್ ಮಂಡಿಯ ಮೇಲಿಂದಲೇ ಸಭೆಯ ಕಡೆ ತಿರುಗಿದ. “ಅಮ್ಮನ ಮನೆ ಹಂಚಿಕೆ. ಅವಳದು ಕೆಂಪು ಚೀಟಿ, ನನ್ನದು ನೀಲಿ. ಈ ಕುರ್ಚಿಗೆ ನಾನು ನೀಲಿ ಚೀಟಿ ಹಚ್ಚಿದ್ದೆ. ಅವಳು ಕಿತ್ತಳು!”

“ಅಯ್ಯೋ, ಚೀಟಿ ಕಿತ್ತಳಾ?” ಸಭೆಯಲ್ಲಿ ಗುಜುಗುಜು ಎದ್ದಿತು. ಕೊಲೆ ಎಂದಿದ್ದರೂ ಇಷ್ಟು ಜೋರಾಗಿ ಏಳುತ್ತಿರಲಿಲ್ಲ.

“ನಾನು ಯಾವ ಚೀಟೀನೂ ಕೀಳಲಿಲ್ಲ” ಎಂದಳು ಇಂಗರ್‌ಲಿಸ. ಅವಳ ಧ್ವನಿ ಸಣ್ಣಗಾಗಿತ್ತು.

“ಎಲ್ಲರೂ ಹಾಗೇ ಹೇಳೋದು” ಎಂದ ಹಸಿರು ಸ್ವೆಟರು. “ನನ್ನ ತಮ್ಮನೂ ಹಾಗೇ ಹೇಳಿದ. ಅಪ್ಪನ ದುರ್ಬೀನು. ಹಳದಿ ಚೀಟಿ ಇತ್ತು, ನಾನು ಕಣ್ಣಾರೆ ನೋಡಿದ್ದೆ.”

“ನಿಮ್ಮದು ದುರ್ಬೀನು. ನಮ್ಮದು ತಾಮ್ರದ ಕಾಫಿ ಕೆಟಲು” ಎಂದಳು ಮುಂದಿನ ಸಾಲಿನ ಒಬ್ಬಳು. ಅವಳ ಪಕ್ಕದಲ್ಲಿ ಅವಳಂಥದೇ ಮಳೆಕೋಟು ಹಾಕಿಕೊಂಡ ತಂಗಿ ಕೂತಿದ್ದಳು. “ಅಜ್ಜಿಯ ಕೆಟಲು ಎಲ್ಲಿ ಹೋಯ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ನನ್ನ ಮುಖ ನೋಡ್ಕೊಂಡು ಯಾಕೆ ಹೇಳ್ತೀಯ?” ಎಂದಳು ತಂಗಿ.

“ನಾನೆಲ್ಲಿ ನೋಡಿದೆ?”

“ನೋಡಿದೆ. ಹತ್ತೊಂಬತ್ತು ವರ್ಷದಿಂದ ನೋಡ್ತಾನೇ ಇದೀಯ.” ತಂಗಿ ಸ್ಟೂಲು ಎತ್ತಿಕೊಂಡು ಹೋಗಿ ಸಭೆಯ ಆ ತುದಿಯಲ್ಲಿ ಕೂತಳು.

ಐದು ನಿಮಿಷದಲ್ಲಿ ಆ ಮಹಡಿಯಲ್ಲಿ ಒಂದು ದುರ್ಬೀನು, ಒಂದು ಕೆಟಲು, ಎರಡು ಗೋಡೆ ಗಡಿಯಾರ, ಒಂದು ಹೊಲಿಗೆ ಪೆಟ್ಟಿಗೆ ಮತ್ತು ಕಾಲು ಮುರಿದ ಪಿಯಾನೋ ಸ್ಟೂಲಿಗಾಗಿ ಏಕಕಾಲಕ್ಕೆ ವಾದ ನಡೆಯುತ್ತಿತ್ತು. ಗೋಡೆಯ ಮೇಲಿನ ಅಂದಚಂದದ ಸಾಮಾನುಗಳನ್ನು ಯಾರೂ ತಿರುಗಿ ನೋಡಲಿಲ್ಲ. ಗುಡ್ರುನ್ ಮೊದಲು ಎಲ್ಲರನ್ನೂ ಸುಮ್ಮನಿರಿಸಲು ನೋಡಿದಳು. ಆಮೇಲೆ ಹೋಲ್ಗರನ ಕೊರಳಪಟ್ಟಿ ಬಿಟ್ಟು ಸೊಂಟಕ್ಕೆ ಕೈಯಿಟ್ಟಳು.

“ನಮ್ಮಮ್ಮ ಗೋಡೆಗೆ ಕ್ರಿಸ್‌ಮಸ್ ತಟ್ಟೆ ನೇತುಹಾಕಿದ್ಲು, ವರ್ಷಕ್ಕೊಂದು. ಐವತ್ತೆರಡು ತಟ್ಟೆ. ನನ್ನಣ್ಣ ನಾನು ಹುಟ್ಟಿದ ವರ್ಷದ್ದೊಂದನ್ನೇ ಎತ್ಕೊಂಡು ಹೋದ” ಎಂದಳು. “ಅದೊಂದನ್ನೇ. ಯಾಕೆ ಹೇಳಿ?”

“ಏನೋ ಇದೆ ಅದರಲ್ಲಿ” ಎಂದ ಹೋಲ್ಗರ್. ಜೀವನದಲ್ಲಿ ಮೊದಲ ಬಾರಿಗೆ ಅವನ ಮಾತಿಗೆ ಹದಿನೈದು ಜನ ತಲೆಯಾಡಿಸಿದರು.

ಈ ಗದ್ದಲದ ನಡುವೆ, ಕುರುಚಲು ಗಡ್ಡದ ತೆಳ್ಳನೆಯ ಯುವಕನೊಬ್ಬ ಕೈಯಲ್ಲಿ ಒಂದು ಫೈಲು, ಒಂದು ಪೆನ್ನು ಹಿಡಿದುಕೊಂಡು ನಗುನಗುತ್ತ ಬಂದ. “ಬುಂಡ್‌ಗೋರ್ ಕುಟುಂಬದವರು ಬಂದ್ರಾ? ನಾನು ಎಸ್ಕಿಲ್, ಈ ವಿಭಾಗ ನೋಡ್ಕೊಳ್ಳೋದು ನಾನೇ. ಕಾಗದ ಸಿದ್ಧ ಇದೆ, ಇಬ್ಬರೂ ಸಹಿ ಹಾಕಿದ್ರೆ ಆಯ್ತು.”

“ಬಂತು ನೋಡಿ!” ಹೋಲ್ಗರ್ ಕುಣಿದೇಬಿಟ್ಟ. “ಸಹಿ! ಬೋಡಿಲ್, ನಾನು ಏನು ಹೇಳಿದ್ದೆ? ಊಟದ ಹಿಂದೆ ಒಂದು ಸಹಿ ಇರತ್ತೆ ಅಂತ ಹೇಳಿದ್ನೋ ಇಲ್ವೋ?”

“ಇಲ್ಲ” ಎಂದಳು ಬೋಡಿಲ್. “ಏನೋ ಇದೆ ಅಂತ ಹೇಳಿದ್ರಿ.”

“ಅದೇ ಇದು!”

ಇಂಗರ್‌ಲಿಸ ಮುಂದೆ ಬಂದಳು. “ಹೋಲ್ಗರ್. ಒಂದೇ ಒಂದು ಸಲ ಬಾಯಿ ಮುಚ್ಚಿ ಕೇಳು. ಅಕ್ಟೋಬರಲ್ಲಿ ನಾನು, ಟೋರ್ಬೆನ್ ಮಳೆ ಅಂತ ಇಲ್ಲಿ ಒಳಗೆ ಬಂದ್ವಿ. ಈ ಕುರ್ಚಿ ಕಂಡಿತು. ನಿನ್ನ ಹಲ್ಲು ಕಂಡಿತು. ನಾನು ಇಲ್ಲೇ ನೆಲದ ಮೇಲೆ ಕೂತು ಅತ್ತೆ.”

“ಅತ್ತದ್ದು ನಿಜ” ಎಂದಳು ಗುಡ್ರುನ್. “ನಾನೇ ಎಬ್ಬಿಸಿದ್ದು. ಅವರು ಕಚ್ಚಲಿಲ್ಲ.”

“ಹನ್ನೊಂದು ವರ್ಷ ಕಂಡಕಂಡ ಹಳೇ ಸಾಮಾನಿನ ಅಂಗಡಿಗೆಲ್ಲ ಹೋಗಿದ್ದೀನಿ” ಎಂದಳು ಇಂಗರ್‌ಲಿಸ. “ಸಿಗಲಿಲ್ಲ. ಇಲ್ಲಿ ಸಿಕ್ತು. ಕೊಂಡವರು ಯಾರೋ ಇಲ್ಲಿಗೆ ಕೊಟ್ಟಿದ್ದಾರೆ. ಫಲಕ ಓದು. ಮಾಡಿದವರು ತಿಳಿಯದು ಅಂತ ಇದೆ. ಮಕ್ಕಳಿಬ್ಬರೂ ಬಂದು ಬರೆದುಕೊಟ್ಟರೆ ಅಪ್ಪನ ಹೆಸರು ಹಾಕ್ತಾರಂತೆ. ಅದಕ್ಕೆ ನಿನ್ನನ್ನ ಕರೆಸಿದ್ದು. ಮೊದಲೇ ಹೇಳಿದ್ದರೆ ಏನೋ ಇದೆ ಇದರಲ್ಲಿ ಅಂತ ನೀನು ಬರ್ತಾನೇ ಇರಲಿಲ್ಲ.”

ಇಷ್ಟು ಹೇಳಿದ ಮೇಲೆ ಕಲ್ಲಾದರೂ ಕರಗಬೇಕು. ಆದರೆ ಹೋಲ್ಗರ್ ಕಲ್ಲಲ್ಲ, ಟಿಕೆಟ್ ತಪಾಸಣೆಯವನು.

“ಹಾಗಾದ್ರೆ ಚೀಟಿ ಎಲ್ಲಿ?” ಎಂದ. “ನಾನು ಹಚ್ಚಿದ ಚೀಟಿ ಇದ್ದಿದ್ರೆ ಕುರ್ಚಿ ಮನೆ ಬಿಟ್ಟು ಹೋಗ್ತಾನೇ ಇರಲಿಲ್ಲ. ಚೀಟಿ ಕಿತ್ತದ್ದು ಯಾರು? ಅದನ್ನ ಹೇಳು ಮೊದಲು!”

“ಚೀಟಿ ಅಂದ್ರೆ?” ಎಸ್ಕಿಲ್ ಕೇಳಿದ.

“ನೀಲಿ ಚೀಟಿ ಕಣಯ್ಯ! ದುಂಡಗೆ!”

ಎಸ್ಕಿಲನ ಮುಖ ಅರಳಿತು. “ಓ, ಅದಾ! ಅದು ಇದೆಯಲ್ಲ! ಈ ಕುರ್ಚಿಯ ವಿಶೇಷವೇ ಅದು.” ಅವನು ಜೇಬಿನಿಂದ ಬಿಳಿ ಕೈಗವಸು ತೆಗೆದು ಬೆರಳಿಗೆ ಏರಿಸಿಕೊಂಡ. “ಗುಡ್ರುನ್, ಒಂದು ಕೈ ಹಿಡಿ.”

ಇಬ್ಬರೂ ಕುರ್ಚಿಯನ್ನು ಮಗುವಿನಂತೆ ಎತ್ತಿ ಮೆಲ್ಲಗೆ ಬೋರಲು ಹಾಕಿದರು. ಹದಿನಾಲ್ಕು ಶಿಕ್ಷಕರು ಸ್ಟೂಲು ಸಮೇತ ಮುಂದೆ ಸರಿದರು. ಸೀಟಿನ ಹಲಗೆಯ ಕೆಳಮೈಯಲ್ಲಿ, ಸರಿಯಾಗಿ ನಡುವೆ, ಒಂದು ನೀಲಿ ದುಂಡು ಚೀಟಿ. ಅದರ ಮೇಲೆ ಪೆನ್ನಿನಲ್ಲಿ ‘1’ ಎಂದು ಬರೆದಿತ್ತು.

“ಇದು ಆ ಕಾಲದ ಬಡಗಿ ಪರೀಕ್ಷಕರ ಗುರುತು” ಎಂದು ಎಸ್ಕಿಲ್ ವಿವರಿಸಿದ. “ಒಂದು ಅಂದ್ರೆ ಮೊದಲ ದರ್ಜೆ. ಇಂಥದು ಬೇರೆಲ್ಲೂ ಸಿಕ್ಕಿಲ್ಲ. ಈ ಚೀಟಿ ಬಗ್ಗೆ ನಾನು ಹನ್ನೆರಡು ಪುಟದ ಲೇಖನ ಬರೆದಿದ್ದೀನಿ.”

“ಪರೀಕ್ಷಕರಂತೆ! ದರ್ಜೆಯಂತೆ!” ಹೋಲ್ಗರ್ ಗೆದ್ದವನಂತೆ ಎರಡೂ ಕೈ ಮೇಲೆತ್ತಿದ. “ಅದು ನನ್ನ ಚೀಟಿ! ನಮ್ಮೂರ ಸ್ಟೇಷನ್ ಎದುರಿನ ಪುಸ್ತಕದಂಗಡಿದು! ಒಂದು ಅಂದ್ರೆ ನನಗೆ ಮೊದಲು ಬೇಕಾದದ್ದು ಅಂತ! ನಾನೇ ಬರೆದದ್ದು, ನಾನೇ ಹಚ್ಚಿದ್ದು! ನೋಡಿದ್ರಾ ಎಲ್ಲರೂ? ನಾನು ಸುಳ್ಳು ಹೇಳಿದ್ನಾ? ಚೀಟಿ ಇದ್ದೇ ಇದೆ! ಯಾರೂ ಕಿತ್ತೇ ಇಲ್ಲ!”

ಕೊನೆಯ ಮಾತು ಅವನ ಬಾಯಿಂದ ಹೊರಟು, ಕೋಣೆಯನ್ನು ಒಂದು ಸುತ್ತು ಹಾಕಿ, ಮತ್ತೆ ಅವನ ಕಿವಿಗೇ ಬಂದು ಬಿತ್ತು. ಮೇಲೆತ್ತಿದ ಕೈ ಅಲ್ಲೇ ನಿಂತವು.

ಎಸ್ಕಿಲ್ ತನ್ನ ಫೈಲನ್ನು ತೆರೆದು, ಹನ್ನೆರಡು ಪುಟ ನೋಡಿ, ಮುಚ್ಚಿದ.

“ಕೆಳಗಡೆ ಯಾಕೆ ಅಂಟಿಸಿದ್ರಿ?” ಗುಡ್ರುನ್ ಕೇಳಿದಳು.

“ಮೇಲೆ ಅಂಟಿಸಿದ್ರೆ ಯಾರಾದ್ರೂ ಕಿತ್ತಾರು ಅಂತ.”

“ದಾಳ ಹಾಕೋವಾಗ ಅವರಿಗೆ ಕಾಣಲಿಲ್ವಾ?”

ಹೋಲ್ಗರ್ ಕೊರಳಪಟ್ಟಿ ಸರಿಮಾಡಿಕೊಂಡ. ಬೋಡಿಲ್ ಅವನನ್ನೇ ನೋಡುತ್ತಿದ್ದಳು. “ಶುಕ್ರವಾರ” ಎಂದಳು ನಿಧಾನವಾಗಿ. “ಹಿಂದಿನ ದಿನ ಶುಕ್ರವಾರ ಸಂಜೆ, ಅಮ್ಮನ ಹೂಕುಂಡಕ್ಕೆ ನೀರು ಹಾಕಿ ಬರ್ತೀನಿ ಅಂತ ಹೋದ್ರಿ. ಜೀವಮಾನದಲ್ಲಿ ಒಂದು ಹೂವಿಗೆ ನೀರು ಹಾಕದ ಮನುಷ್ಯ. ನಾನು ಪಾಪ ಅಂದ್ಕೊಂಡೆ.”

“ಮುಂಚೆಯೇ ಹಚ್ಚಿದ್ದಾ? ದಾಳ ಹಾಕೋಕೆ ಮುಂಚೆ?” ಹಸಿರು ಸ್ವೆಟರಿನವನು ಎದ್ದು ನಿಂತ. “ಅದು ಮೋಸ!”

“ಅದು ಮುನ್ನೆಚ್ಚರಿಕೆ!” ಎಂದ ಹೋಲ್ಗರ್.

“ಕುರ್ಚಿ ನನ್ನದಾಯ್ತು ಅಂದ್ಕೊಂಡು ದಾಳದಲ್ಲಿ ಅದನ್ನ ಕೇಳಲೇ ಇಲ್ಲ” ಎಂದಳು ಬೋಡಿಲ್. “ವಾಫಲ್ ಹಂಚು ತಗೊಂಡ್ರಿ. ಆಮೇಲೆ ಅಡುಗೆಮನೇಲಿ ಚಮಚ ಎಣಿಸ್ತಾ ಕೂತಾಗ ಹೊರುವವರು ಕೂಗಿದ್ರು, ‘ಈ ಕುರ್ಚಿ?’ ಅಂತ. ನೀವು ಒಳಗಿಂದಲೇ ‘ಚೀಟಿ ಇದೆಯಾ?’ ಅಂದ್ರಿ. ‘ಇಲ್ಲ’ ಅಂದ್ರು. ‘ಹಾಗಾದ್ರೆ ವ್ಯಾನಿಗೆ ಹಾಕಿ’ ಅಂದ್ರಿ. ನನಗೆ ಈಗಲೂ ಕಿವೀಲಿದೆ.”

“ಅವರು ಊಟದ ಕುರ್ಚಿ ಬಗ್ಗೆ ಕೇಳಿದ್ದು ಅಂದ್ಕೊಂಡೆ” ಎಂದ ಹೋಲ್ಗರ್. ಆಮೇಲೆ ಥಟ್ಟನೆ ಏನೋ ಹೊಳೆದು ಅಕ್ಕನ ಕಡೆ ತಿರುಗಿದ. ಇಷ್ಟರ ಮೇಲೂ! “ನೀನು ಯಾಕೆ ತಗೊಳ್ಳಲಿಲ್ಲ ಅದನ್ನ? ನಿನಗೆ ಚೀಟಿ ಕಾಣಲಿಲ್ಲ ಅಂದ್ಮೇಲೆ ನೀನು ಕೆಂಪು ಚೀಟಿ ಹಚ್ಚಬಹುದಿತ್ತಲ್ಲ? ಯಾಕೆ ಹಚ್ಚಲಿಲ್ಲ? ಏನೋ ಇದೆ ಇದರಲ್ಲಿ!”

ಇಂಗರ್‌ಲಿಸ ಬೋರಲು ಬಿದ್ದ ಕುರ್ಚಿಯನ್ನು ನೋಡುತ್ತಿದ್ದಳು.

“ಅದು ನಿನಗೆ ಬೇಕು ಅಂತ ನನಗೆ ಗೊತ್ತಿತ್ತು” ಎಂದಳು. “ಮೊದಲನೇ ದಾಳದಲ್ಲೇ ತಗೋತೀಯ ಅಂತ ಕಾದೆ. ನೀನು ವಾಫಲ್ ಹಂಚು ತಗೊಂಡೆ. ಸರಿ, ಮುಂದಿನ ಸಲ ತಗೋತಾನೆ ಅಂದ್ಕೊಂಡೆ. ನೀನು ಗಡಿಯಾರ ತಗೊಂಡೆ. ಹದಿನೇಳು ದಾಳ ಹಾಕಿದ್ವಿ ಹೋಲ್ಗರ್. ಹದಿನೇಳು ಸಲ ನಾನು ಆ ಕುರ್ಚಿ ಬಿಟ್ಟು ಬೇರೆ ಏನೇನೋ ತಗೊಂಡೆ. ಒಂದು ಕಸಬರಿಕೆ ಕೂಡ ತಗೊಂಡೆ.”

ಸಭೆಯ ಆ ತುದಿಯಿಂದ ಮಳೆಕೋಟಿನ ತಂಗಿ ಸ್ಟೂಲು ಎತ್ತಿಕೊಂಡು ಬಂದು ಮತ್ತೆ ಅಕ್ಕನ ಪಕ್ಕದಲ್ಲಿ ಕೂತಳು.

ಇಂಗರ್‌ಲಿಸ ಎಸ್ಕಿಲನ ಕೈಯಿಂದ ಕಾಗದ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಕಾಗದ, ಪೆನ್ನು ಎರಡನ್ನೂ ತಮ್ಮನ ಕೈಗೆ ಕೊಟ್ಟಳು. ಅವನ ಕೋಟಿನ ಒಳಜೇಬಿನಿಂದ ಬ್ರೆಡ್ಡಿನ ಪೊಟ್ಟಣ ಇಣುಕುತ್ತಿತ್ತು. ಅದನ್ನು ಒಂದು ಕ್ಷಣ ನೋಡಿದಳು. ಆಮೇಲೆ ತಿರುಗಿ ಮೆಟ್ಟಿಲ ಕಡೆಗೆ ನಡೆದಳು.

ಹೋಲ್ಗರ್ ಕಾಗದ ಓದತೊಡಗಿದ. ಓದದೆ ಸಹಿ ಹಾಕುವ ಮನುಷ್ಯನಲ್ಲ ಅವನು. “ಈ ಕುರ್ಚಿಯನ್ನು ಮಾಡಿದವರು ನಮ್ಮ ತಂದೆ, ಬಡಗಿ ಲೌರಿಟ್ಸ್ ಬುಂಡ್‌ಗೋರ್ ಎಂದು ಅವರ ಮಕ್ಕಳಾದ ನಾವು...” ಇಷ್ಟೇ ಇತ್ತು. ಇಷ್ಟೇ ಇರಲು ಸಾಧ್ಯವಿಲ್ಲ ಎಂದು ಎರಡನೇ ಸಲ ಓದಿದ. ಮೂರನೇ ಸಲ ಓದಿ, ಕಾಗದ ಮಗುಚಿ, ಹಿಂದೆ ಸಣ್ಣಕ್ಷರದಲ್ಲಿ ಏನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದ. ಏನೂ ಇರಲಿಲ್ಲ. ಕೊನೆಗೆ ಸಹಿ ಹಾಕಿ ತಲೆಯೆತ್ತುವಷ್ಟರಲ್ಲಿ ಅಕ್ಕ ಹೋಗಿದ್ದಳು, ಟೋರ್ಬೆನ್ ಎದುರಿಗಿದ್ದ.

ಟೋರ್ಬೆನ್ ಅಂದು ಮೊದಲ ಬಾರಿಗೆ ಬಾಯಿ ತೆರೆದ. “ಊಟಕ್ಕೆ ದುಡ್ಡು ಕೊಟ್ಟಾಗಿದೆ. ನಾಲ್ಕು ಜನಕ್ಕೆ. ಹೆರಿಂಗ್ ಬಿಸಾಡಬೇಡಿ.” ಅಷ್ಟು ಹೇಳಿ ಅವನೂ ಮೆಟ್ಟಿಲಿಳಿದ.

“ಬರ್ತಾಳೆ ಬಿಡು” ಎಂದ ಹೋಲ್ಗರ್. ಗುಡ್ರುನಳ ಕುರ್ಚಿಯಲ್ಲೇ ಕೂತುಬಿಟ್ಟ, ಅವಳು ಬೇಡವೆನ್ನಲಿಲ್ಲ. “ಮುಖ ತೊಳ್ಕೊಳ್ಳೋಕೆ ಹೋಗಿದ್ದಾಳೆ.”

ಹತ್ತು ನಿಮಿಷವಾಯಿತು. ಎಸ್ಕಿಲ್ ಕುರ್ಚಿಯನ್ನು ಮತ್ತೆ ಕಟ್ಟೆಗೆ ಏರಿಸಿದ. ಚೀಟಿ ಕೀಳಲೇ ಎಂದು ಹೋಲ್ಗರ್ ಕೇಳಿದ್ದಕ್ಕೆ, ಇನ್ನು ಅದು ಕುರ್ಚಿಯ ಭಾಗ, ಯಾರೂ ಕೀಳುವಂತಿಲ್ಲ ಎಂದ. ಶಿಕ್ಷಕರು ಒಬ್ಬೊಬ್ಬರಾಗಿ ಎದ್ದು ಹೋದರು. ಹಸಿರು ಸ್ವೆಟರಿನವನು ಕಿಟಕಿಯ ಹತ್ತಿರ ನಿಂತು ಯಾರಿಗೋ ಫೋನ್ ಮಾಡಿ, “ನಾನು ಕಣೋ... ಏನಿಲ್ಲ, ಸುಮ್ನೆ ಮಾಡಿದೆ” ಎನ್ನುತ್ತಿದ್ದ.

“ಅವಳು ಬರಲ್ಲ ಅನ್ಸತ್ತೆ” ಎಂದಳು ಬೋಡಿಲ್.

“ಬರದೆ ಎಲ್ಲಿ ಹೋಗ್ತಾಳೆ? ಕೋಟು ಕೆಳಗಿದೆ. ಇಪ್ಪತ್ತು ಕ್ರೋನರ್ ಆ ಪೆಟ್ಟಿಗೆಯಲ್ಲಿದೆ. ಅಕ್ಕನನ್ನ ನಾನು ಕಾಣೆನಾ? ಒಂದು ಕ್ರೋನರಿನ ಬಾಟಲಿಗೆ ರೈಲು ಇಳಿಯೋಳು, ಇಪ್ಪತ್ತು ಕ್ರೋನರ್ ಬಿಟ್ಟು ಹೋಗ್ತಾಳಾ? ಬಾ, ಅಲ್ಲೇ ಕಾಯೋಣ. ನಾನೇ ಮೊದಲು ಮಾತಾಡ್ತೀನಿ ಬೇಕಾದ್ರೆ.”

ಕೆಳಗೆ ಹೋಗುವ ದಾರಿಯಲ್ಲಿ ಏನು ಹೇಳಬೇಕೆಂದು ಅವನು ಎರಡು ಸಲ ಬಾಯಿಪಾಠ ಮಾಡಿಕೊಂಡ. ಎರಡು ಸಲವೂ ಮಾತು ಚೆನ್ನಾಗಿಯೇ ಬಂತು.

ನಲವತ್ತೊಂದನೇ ಪೆಟ್ಟಿಗೆಯ ಬಾಗಿಲು ಹಾರುಹೊಡೆದಿತ್ತು. ಕೋಟು ಇರಲಿಲ್ಲ. ಬೀಗದ ಕೆಳಗಿನ ಪುಟ್ಟ ಬಟ್ಟಲಲ್ಲಿ ಇಪ್ಪತ್ತು ಕ್ರೋನರಿನ ಬಿಲ್ಲೆ ಹಾಗೇ ಬಿದ್ದಿತ್ತು.

ಹೋಲ್ಗರ್ ಬಗ್ಗಿ ನೋಡಿದ. ಮುಟ್ಟಲಿಲ್ಲ. “ಮರೆತಿದ್ದಾಳೆ” ಎಂದ. “ಬರ್ತಾಳೆ. ರೈಲು ಹತ್ತಿದ್ಮೇಲೆ ನೆನಪಾಗತ್ತೆ.”

ಬೋಡಿಲ್ ಟೋಪಿಯನ್ನು ಅವನ ತಲೆಗಿಟ್ಟು, ಹೆರಿಂಗ್ ತಿನ್ನಲು ಒಬ್ಬಳೇ ಹೋದಳು.

ಐದು ಗಂಟೆಗೆ ಟಿಕೆಟ್ಟಿನ ಹುಡುಗಿ ದೀಪ ಆರಿಸಲು ಬಂದಾಗಲೂ ಅವನು ಆ ಬಿಲ್ಲೆಯನ್ನು ಕಾಯುತ್ತ ಅಲ್ಲೇ ನಿಂತಿದ್ದ. ಅಕ್ಕ ಬರಲಿಲ್ಲ.